ಸನವ್ಬರ್ ಮರೆತ ಬೋಣಿ

ನನ್ನ ಪೆಟ್ಟಿಗೆಯಲ್ಲಿ ಒಂದು ನಿಲುವಂಗಿ ಇದೆ. ನೀಲಿ ಪಟ್ಟೆಯದು, ಒಳಗೆ ಹತ್ತಿ ತುಂಬಿ ಹೊಲಿದದ್ದು, ಅಂಚಿಗೆ ಜರಿ. ಇದುವರೆಗೆ ಯಾರ ಮೈಗೂ ಏರಿಲ್ಲ. ಸನವ್ಬರಳ ಹೆಗಲಿಗೆ ನಾಲ್ಕು ಜನರೆದುರು ಹೊದಿಸಬೇಕೆಂದು ನಾನೇ ಅಳತೆ ಹೇಳಿ ಹೊಲಿಸಿದ್ದೆ. ಪೆಟ್ಟಿಗೆ ತೆರೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ನನ್ನ ಕಿವಿ ಬಿಸಿಯಾಗುತ್ತದೆ. ಅದು ಅಲ್ಲೇ ಯಾಕೆ ಉಳಿಯಿತು ಎಂದು ಹೇಳಹೊರಟರೆ ಅವಳ ಬದುಕನ್ನು ಹೇಳಬೇಕು, ನಡುವೆ ನನ್ನ ಮಾನಗೇಡನ್ನೂ ಹೇಳಬೇಕು. ಎಪ್ಪತ್ತೆರಡು ದಾಟಿದ್ದೇನೆ, ಇನ್ನು ಮುಚ್ಚಿಟ್ಟುಕೊಂಡು ಎಲ್ಲಿಗೆ ಒಯ್ಯಲಿ? ಹೇಳಿಬಿಡುತ್ತೇನೆ.

ಸನವ್ಬರ್ ನಮ್ಮೂರ ಕಾಲುವೆಯ ಕೆಳಕೊನೆಯ ಮನೆಯವಳು. ಅವಳ ಅಪ್ಪ ಊರಿನ ನೀರಗಂಟಿ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂದು ಅವನೇ ತೀರ್ಮಾನಿಸುತ್ತಿದ್ದ. ನೆಲಕ್ಕೆ ಒಂದು ಕೋಲು ನೆಟ್ಟು ಗೀರು ಎಳೆದಿರುತ್ತಿದ್ದ. ನೆರಳು ಗೀರು ಮುಟ್ಟಿತೋ, ಸಲಿಕೆ ಹಾಕಿ ನೀರು ತಿರುಗಿಸಿದನೇ. ಅವನ ಸ್ವಂತ ತಮ್ಮನ ಏಪ್ರಿಕಾಟ್ ಮರಗಳು ಒಂದು ಬೇಸಗೆಯಲ್ಲಿ ಬಾಡಿ ನಿಂತಿದ್ದವು. ತಮ್ಮ ಬಂದು ಕೈ ಮುಗಿದರೂ ಗೀರು ದಾಟಿ ಒಂದು ಬೊಗಸೆ ಬಿಡಲಿಲ್ಲ. ಮಗಳಿಗೆ ಆಸ್ತಿ ಎಂದು ಬಂದದ್ದು ಆರು ಮರ ಮತ್ತು ಆ ಗೀರು.

ಇಪ್ಪತ್ತಕ್ಕೆ ಅವಳು ಪಟ್ಟಣದ ಕಾರ್ಖಾನೆ ಸೇರಿದಳು. ಹಣ್ಣನ್ನು ಶೀಶೆಗೆ ತುಂಬಿ ಮುಚ್ಚಳ ಬಿಗಿಯುವ ಕಾರ್ಖಾನೆ. ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಬೆರಳಲ್ಲಿ ತಟ್ಟಿ ಸದ್ದು ಕೇಳಿ ಹೇಳುವುದು ಅವಳ ಕೆಲಸ. ಒಮ್ಮೆ ರಾಜಧಾನಿಯಿಂದ ದೊಡ್ಡ ಅಧಿಕಾರಿ ಬಂದು ನಿಂತಿದ್ದಾಗಲೇ ಯಂತ್ರ ನಿಲ್ಲಿಸಿ ನಾನೂರು ಶೀಶೆ ವಾಪಸು ಕಳಿಸಿದಳು. ಮೇಲಿನವರ ಮುಖ ಕುಂಬಳಕಾಯಿಯಷ್ಟು ಊದಿತಂತೆ. ಆಮೇಲೆ ಕಾರ್ಖಾನೆಯೇ ಮುಚ್ಚಿಹೋಯಿತು, ಬೆರಳಿನ ಚಾಳಿ ಉಳಿಯಿತು. ಈಗಲೂ ಯಾರ ಮನೆಗೆ ಹೋದರೂ ಜಾಮಿನ ಶೀಶೆ ತಟ್ಟದೆ ಬರುವುದಿಲ್ಲ. ಅವಳ ಗಂಡ ಫೈಜಲಿ ನಮ್ಮ ಸಂತೆಯೂರು ಇಸ್ಫರಾಕ್ಕೂ ದೊಡ್ಡ ಪಟ್ಟಣ ಖುಜಂದ್‌ಗೂ ನಡುವೆ ವ್ಯಾನ್ ಓಡಿಸುವವನು. "ನಮ್ಮನೇಲಿ ನಾನೂ ಒಂದು ಮುಚ್ಚಳ ಅಮಾಕ್, ದಿನಾ ಬೆಳಿಗ್ಗೆ ತಟ್ಟಿ ನೋಡ್ತಾಳೆ" ಎಂದು ಸಂತೆಯವರನ್ನೆಲ್ಲ ನಗಿಸುತ್ತಿದ್ದ. ನಮ್ಮಲ್ಲಿ ಅಮಾಕ್ ಎಂದರೆ ದೊಡ್ಡಪ್ಪ, ಚಿಕ್ಕಪ್ಪ. ಊರಿಗೆಲ್ಲ ನಾನು ಹೋತಮ್ ಅಮಾಕ್.

ಕಾರ್ಖಾನೆ ಹೋದ ಮೇಲೆ ನಾವು ನಲವತ್ತು ಮನೆಯವರು ಏಪ್ರಿಕಾಟ್ ಒಣಗಿಸಿ ಮಾರುವ ಒಂದು ಗುಂಪು ಕಟ್ಟಿಕೊಂಡೆವು. ಸನವ್ಬರ್ ಅದರ ಗುಮಾಸ್ತೆಯಾದಳು. ಖುಜಂದ್‌ನ ಸಗಟು ವ್ಯಾಪಾರಿಗಳು ಫೋನ್ ಮಾಡಿ, ಇಂಥ ದರ್ಜೆಯ ಹಣ್ಣು, ಇಷ್ಟು ಕಿಲೋ, ಇಷ್ಟು ಬೆಲೆಯ ತನಕ ಕೊಳ್ಳುತ್ತೇವೆ ಎಂದು ಆರ್ಡರ್ ಹೇಳುತ್ತಿದ್ದರು. ಒಬ್ಬನಿಗೆ ಹೇಳಿದ ಬೆಲೆ ಇನ್ನೊಬ್ಬನಿಗೆ ಗೊತ್ತಾಗಿ ಜಗಳ, ಇದ್ದ ಹಣ್ಣಿಗಿಂತ ಹೆಚ್ಚು ಒಪ್ಪಿಕೊಂಡು ಪಜೀತಿ. ಇದನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಬೇಕೆಂದು ಅವಳಿಗೆ ಹೊಳೆದಾಗ ವಯಸ್ಸು ನಲವತ್ತಾರು. ಪೈಥಾನ್ ಅನ್ನುವ ಭಾಷೆ ಕಲಿತಳು. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ ಅದು. ಹಿಟ್ಟು ನಾದುತ್ತ ಫೋನಿನಲ್ಲಿ ರಷ್ಯನ್ ಪಾಠ ಕೇಳುವಳು. ಕೈ ತೊಳೆದು ಬಂದು ಬರೆಯುವಳು. ತಪ್ಪಾದರೆ ತನ್ನನ್ನೇ ಬೈದುಕೊಂಡು ಮತ್ತೆ ಬರೆಯುವಳು. ನಾನೂ ನಾಲ್ಕೇ ಚಳಿಗಾಲ ಶಾಲೆ ಕಂಡವನು, ಉಳಿದದ್ದನ್ನು ಮರದ ಬುಡದಲ್ಲಿ, ಸಂತೆಯ ಬಾಗಿಲಲ್ಲಿ ನನಗೆ ನಾನೇ ಕಲಿತವನು. ಆದ್ದರಿಂದ ಅವಳ ಮೇಲೆ ನನಗೆ ವಿಶೇಷ ಅಭಿಮಾನ.

ಎರಡು ವರ್ಷಕ್ಕೆ ಅವಳು ಮಾಡಿ ಮುಗಿಸಿದ್ದನ್ನು ಲೈಬ್ರರಿ ಎನ್ನುತ್ತಾರಂತೆ. ಪುಸ್ತಕ ಎಲ್ಲಿ ಎಂದು ನಾನು ಕೇಳಿದೆ. ಅವಳು ನಕ್ಕಳು.

"ಪುಸ್ತಕ ಅಲ್ಲ ಅಮಾಕ್. ಇದು ರೊಟ್ಟಿಗೆ ಹಾಕೋ ಹುಳಿಹಿಟ್ಟಿನ ಹಾಗೆ. ನಾನು ಹುಳಿಹಿಟ್ಟು ಮಾಡಿ ಇಟ್ಟಿರ್ತೀನಿ. ಬೇಕಾದೋರು ಒಂದು ಉಂಡೆ ತಗೊಂಡು ಹೋಗಿ ಅವರವರ ಹಿಟ್ಟಿಗೆ ಹಾಕ್ಕೋಬಹುದು. ರೊಟ್ಟಿ ಅವರದು, ಹುಳಿ ನಂದು."

ಅದರಲ್ಲಿ ಮೂರು ಭಾಗ ಎಂದು ತೋರಿಸಿದಳು. ಆರ್ಡರು ಹೇಗಿರಬೇಕು ಅನ್ನುವುದು ಒಂದು. ಇವತ್ತು ನಾವು ಕೇಳಬೇಕಾದ ಬೆಲೆ ಎಷ್ಟು ಎಂದು ಲೆಕ್ಕ ಹಾಕುವುದು ಇನ್ನೊಂದು. ಯಾವ ಆರ್ಡರಿಗೆ ಯಾರ ಚೀಲ ಎಂದು ಜೋಡಿಸುವುದು ಮತ್ತೊಂದು. ಅದಕ್ಕೆ ತರೋಜು ಎಂದು ಹೆಸರಿಟ್ಟಳು. ತರೋಜು ಎಂದರೆ ತಕ್ಕಡಿ. ಯಾರಿಂದಲೂ ಬಿಡಿಗಾಸು ಕೇಳದೆ ಎಲ್ಲರಿಗೂ ಸಿಗುವ ಹಾಗೆ ಇಟ್ಟಳು. ಕೋನಿಬೋದೋಮ್‌ನಲ್ಲಿ ನಮ್ಮಂಥದೇ ಒಂದು ಗುಂಪಿನ ಉಗ್ರಾಣವಿದೆ. ಅವರೂ ಆ ಹುಳಿ ಒಯ್ದು ತಮ್ಮ ರೊಟ್ಟಿ ಸುಟ್ಟುಕೊಂಡರು.

ಬೆಲೆಯ ಭಾಗ ಬರೆಯುವಾಗ ಅವಳು ನನ್ನನ್ನು ಕೇಳಿದಳು. ಕೇಳಿದ್ದು ನ್ಯಾಯವೇ. ಮೂವತ್ತು ವರ್ಷ ಇಸ್ಫರಾ ಸಂತೆಯ ಬಾಗಿಲಲ್ಲಿ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಿನದ ಬೆಲೆ ಬರೆದವನು ನಾನು.

"ಅಮಾಕ್, ದಿನದ ಬೆಲೆ ಎಲ್ಲಿಂದ ಶುರುವಾಗತ್ತೆ?"

"ಇದೇನು ಕೇಳೋ ಮಾತಾ? ಮೊದಲು ತೂಗಿದ್ದು ಯಾವುದೋ ಅಲ್ಲಿಂದ."

"ನಮ್ಮ ಪಾಠದಲ್ಲೂ ಹಂಗೇ ಇದೆ. ದೊಡ್ಡ ಪೇಟೆಗಳಲ್ಲಿ ಮೊದಲ ವ್ಯಾಪಾರಾನೇ ಆ ದಿನದ ಆರಂಭದ ಬೆಲೆ."

"ನೋಡಿದ್ಯಾ, ಮಾಸ್ಕೋದೋರೂ ನನ್ನ ಹತ್ರಾನೇ ಕಲಿತಿರಬೇಕು" ಎಂದು ನಾನು ಗಡ್ಡ ನೀವಿಕೊಂಡೆ.

ಆ ಗಡ್ಡ ನೀವಿಕೊಂಡದ್ದು ನೆನಪಾದರೆ ಈಗ ಗಡ್ಡವನ್ನೇ ಕಿತ್ತುಕೊಳ್ಳಬೇಕೆನಿಸುತ್ತದೆ. ಯಾಕೆಂದರೆ ನಾನು ಬಾಯಲ್ಲಿ ಹೇಳಿದ್ದೊಂದು, ಮೂವತ್ತು ವರ್ಷ ಕೈಯಲ್ಲಿ ಮಾಡಿದ್ದೇ ಇನ್ನೊಂದು. ಸಂತೆಯಲ್ಲಿ ಮೊದಲು ತೂಗುವುದು ಬೋಣಿ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಸೋಮೋನಿ ಅಂದರೆ ನಮ್ಮ ನಾಣ್ಯ; ಒಂದು, ಒಂದೂವರೆ ಸೋಮೋನಿ ಇಳಿಸಿ ಕೊಟ್ಟು, ಆ ದುಡ್ಡನ್ನು ಹಣೆಗೆ ಒತ್ತಿಕೊಂಡು, ಚೀಲದ ಮೇಲೆ ಒಂದು ಸುತ್ತು ಸವರಿ, ದಿನ ಚೆನ್ನಾಗಿರಲಿ ಎಂದು ಜೇಬಿಗೆ ಇಳಿಸುತ್ತೇವೆ. ಅದು ದೇವರಿಗೆ ಕೊಟ್ಟ ಪಾಲು. ಅದನ್ನು ಬೆಲೆ ಎಂದು ನಾವು ಯಾರೂ ಯಾವತ್ತೂ ಎಣಿಸಿದವರಲ್ಲ. ನಾನೂ ಬೋಣಿಗಳೆಲ್ಲ ಮುಗಿದು ಹತ್ತು ಜನ ತೂಗಿಸಿದ ಮೇಲೆಯೇ ಹಲಗೆಯ ಕಡೆ ಸೀಮೆಸುಣ್ಣ ಎತ್ತುತ್ತಿದ್ದೆ. ಆದರೆ ಕೇಳಿದಾಗ ಹಾಗೆ ಹೇಳಲಿಲ್ಲ. ಉಸಿರಾಡುವುದು ಹೇಗೆಂದು ಕೇಳಿದರೆ ಯಾರು ತಾನೆ ಸರಿಯಾಗಿ ಹೇಳಿಯಾರು? ಸನವ್ಬರಳೂ ತಾಯಿಯ ಮಡಿಲಲ್ಲಿ ಕೂತು ನೂರು ಬೋಣಿ ಕಂಡವಳೇ. ಬರೆಯುವಾಗ ಅದು ಅವಳ ಬೆರಳಿಗೂ ಬರಲಿಲ್ಲ.

ಇನ್ನೊಂದು ಕಟ್ಟುಪಾಡನ್ನೂ ಅವಳು ಸೇರಿಸಿದ್ದಳು. ಬೆಲೆ ಹುಚ್ಚುಕುದುರೆಯ ಹಾಗೆ ನೆಗೆಯಬಾರದೆಂದು, ಆರಂಭದ ಬೆಲೆಗಿಂತ ನೂರಕ್ಕೆ ಮೂರರಷ್ಟು ಮಾತ್ರ ಹೆಚ್ಚು ಕೇಳಬಹುದು ಎಂದು. ಕೇಳಲು ಎಷ್ಟು ಚೆಂದ!

ಆ ವರ್ಷದ ಹಣ್ಣು ಒಣಗಿ ಸಂತೆಗೆ ಬಂದಾಗ ಒಳ್ಳೆಯ ದರ್ಜೆಗೆ ಕಿಲೋಗೆ ಇಪ್ಪತ್ತಾರು ಸೋಮೋನಿ ಇತ್ತು. ಸಂತೆಯಲ್ಲಿ ನಮ್ಮ ಗುಂಪಿನ ತೂಕದವನು ಮಹ್ಕಮ್. ನಲವತ್ತರ ಆಸುಪಾಸಿನ ಗಂಡಸು, ಕುಳ್ಳ, ಬಾಯಿ ಸ್ವಲ್ಪ ಕಾರ. ಪ್ರತಿ ತೂಕವನ್ನೂ ಪ್ರತಿ ಬೆಲೆಯನ್ನೂ ಗುಂಪಿನ ಫೋನಿಗೆ ಒತ್ತಬೇಕಾದ್ದು ಅವನೇ. ಅವನು ಕಂಡದ್ದನ್ನು ಕಂಡ ಹಾಗೆ ಒತ್ತಿದ. ಇಪ್ಪತ್ತಾರರ ಹಣ್ಣು ಬೋಣಿಗೆ ಇಪ್ಪತ್ತನಾಲ್ಕೂವರೆಗೆ ಹೋಯಿತು. ತರೋಜು ಅದನ್ನೇ ದಿನದ ಆರಂಭ ಎಂದು ಹಿಡಿದು, ಅದರ ಮೇಲೆ ನೂರಕ್ಕೆ ಮೂರು ಸೇರಿಸಿ, ಇಪ್ಪತ್ತೈದು ಚಿಲ್ಲರೆಗೆ ಖುಜಂದ್‌ನ ಆರ್ಡರುಗಳಿಗೆಲ್ಲ ಒಪ್ಪಿಕೊಂಡಿತು. ಊರವರೇ ಇಪ್ಪತ್ತೈದಕ್ಕೆ ಕೊಡುತ್ತಿರುವಾಗ ಮುಂದಿನ ಸಂತೆಯಲ್ಲಿ ಇಪ್ಪತ್ತಾರು ಕೇಳುವವನಿಗೆ ಯಾರು ಕೊಟ್ಟಾರು? ಇಪ್ಪತ್ತೈದರಿಂದ ಶುರು, ಅದರಲ್ಲೂ ಬೋಣಿಗೆ ಒಂದೂವರೆ ಇಳಿಕೆ. ವಾರಕ್ಕೆರಡು ಸಂತೆ. ಒಂದೂವರೆ ತಿಂಗಳಲ್ಲಿ ಬೆಲೆ ಮೆಟ್ಟಿಲಿಳಿದು ಹದಿನಾರಕ್ಕೆ ಬಂದು ಕೂತಿತು.

ಮೊದಮೊದಲು ಕಾಲವೇ ಹೀಗೆ ಅಂದುಕೊಂಡೆವು, ಕೋನಿಬೋದೋಮ್‌ನಲ್ಲೂ ಇಳಿದಿತ್ತಲ್ಲ. ಒಂದು ದಿನ ಫೈಜಲಿ ಖುಜಂದ್‌ನಿಂದ ವ್ಯಾನ್ ತಂದು ನಿಲ್ಲಿಸಿ, ಚಹಾದ ಅಂಗಡಿಯಲ್ಲಿ ಹೇಳಿದ: "ಅಲ್ಲಿ ಅಂಗಡಿಯೋರು ಮೂವತ್ತನಾಲ್ಕರಿಂದ ಒಂದು ಪೈಸೆ ಇಳಿಸಿಲ್ಲ ಕಣ್ರಪ್ಪ. ಬೇರೆ ಊರಿನ ಹಣ್ಣನ್ನ ಇಪ್ಪತ್ತಾರಕ್ಕೇ ಕೊಳ್ತಾವ್ರೆ. ನಮ್ಮ ಹಣ್ಣಿಗೇನು ಹುಳ ಹತ್ತಿದ್ಯಾ?"

ಎಲ್ಲರೂ ಚಹಾದ ಬಟ್ಟಲು ಕೆಳಗಿಟ್ಟರು. ಆಗ ಮೊದಲು ಬಾಯಿ ಬಿಟ್ಟವನು ನಾನು.

"ಫೋನಿಗೆ ಬೆಲೆ ಒತ್ತೋನು ಊರಿಗೆ ಒಬ್ಬನೇ" ಎಂದೆ.

ಅಷ್ಟೇ ಅಂದದ್ದು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಂಜೆಯೊಳಗೆ ಮಹ್ಕಮ್ ಖುಜಂದ್‌ನವರ ದುಡ್ಡು ತಿಂದು ಬೆಲೆ ಇಳಿಸುತ್ತಿದ್ದಾನೆ ಎಂದಾಯಿತು. ಎರಡು ಸಂತೆ ಕಳೆಯುವುದರಲ್ಲಿ ಅವನು ಹೊಸ ಹಲ್ಲು ಕಟ್ಟಿಸಿಕೊಂಡದ್ದೂ ಆ ದುಡ್ಡಿನಲ್ಲೇ ಎಂದಾಯಿತು. ಜನ ಅವನ ತಕ್ಕಡಿ ಬಿಟ್ಟು ಬೇರೆ ಕಡೆ ತೂಗಿಸತೊಡಗಿದರು. ಮೂರು ನಾಲ್ಕು ಮುದುಕಿಯರಷ್ಟೇ ಅವನ ಬಳಿ ಉಳಿದರು. ಆ ವಾರ ಅವನ ಹೆಂಡತಿ ನಮ್ಮ ಮನೆಗೆ ಒಂದು ತಟ್ಟೆ ಪುಲಾವು ಕಳಿಸಿದ್ದಳು. ನಮ್ಮಲ್ಲಿ ನೆರೆಯವರ ತಟ್ಟೆ ಬರಿದಾಗಿ ಹಿಂದಕ್ಕೆ ಹೋಗುವುದಿಲ್ಲ, ಏನಿಲ್ಲದಿದ್ದರೆ ಎರಡು ಅಕ್ರೋಟನ್ನಾದರೂ ಇಡುತ್ತೇವೆ. ನನ್ನ ಹೆಂಡತಿ ಒಣದ್ರಾಕ್ಷಿ ತುಂಬಹೊರಟಳು. ನಾನು ಅವಳ ಕೈಯಿಂದ ತಟ್ಟೆ ಇಸಿದುಕೊಂಡು, ತೊಳೆಸಿ, ಬರಿದೇ ಕಳಿಸಿದೆ.

ಆ ಗುರುವಾರದ ಸಂತೆಗೆ ಸನವ್ಬರ್ ಹೊತ್ತಿಗೆ ಮುಂಚೆ ಹೋಗಿದ್ದಳು. ಮನೆಗೆ ಬರುವ ನೆಂಟರಿಗೆಂದು ಒಂದು ಕಿಲೋ ಬೇಕಿತ್ತು. ಮಹ್ಕಮ್ ತಕ್ಕಡಿಯ ಪಕ್ಕದಲ್ಲೇ ಹಲೀಮಾ ಖೋಲಾ ಅನ್ನುವ ಮುದುಕಿ ಕೂತಿದ್ದಳು. ಖೋಲಾ ಎಂದರೆ ಚಿಕ್ಕಮ್ಮ. ಅವಳಿಗೆ ಒಂದು ಕಣ್ಣಿಗೆ ಪೊರೆ ಬಂದಿದೆ.

"ಎಷ್ಟು ಖೋಲಾ?"

"ಹದಿನಾರು ಮಗಳೇ. ನೀನು ಬೋಣಿ, ಹದಿನಾಲ್ಕೂವರೆ ಕೊಡು. ನಿನ್ನ ಕಾಲ್ಗುಣ ಒಳ್ಳೇದು, ಹೋದ್ಸಲ ಮಧ್ಯಾಹ್ನದೊಳಗೆ ಚೀಲ ಖಾಲಿ ಆಗಿತ್ತು."

ಮುದುಕಿ ದುಡ್ಡು ಹಣೆಗೆ ಒತ್ತಿಕೊಂಡಳು. ಪಕ್ಕದಲ್ಲಿ ಮಹ್ಕಮ್ ಫೋನಿನ ಮೇಲೆ ಒತ್ತಿದ: ಹದಿನಾಲ್ಕೂವರೆ. ಸನವ್ಬರ್ ಹಣ್ಣಿನ ಪೊಟ್ಟಣ ಹಿಡಿದು ಅಲ್ಲೇ ನಿಂತಳು. ಅವನ ಬೆರಳು ಒತ್ತಿದ ಆ ಅಂಕಿ ಎಲ್ಲಿಗೆ ಹೋಗಿ ಏನಾಗುತ್ತದೆ ಎಂದು ಅವಳ ಕಣ್ಣೆದುರಿಗೇ ಬಂತಂತೆ. ತಾನು ಬರೆದ ಆ ಒಂದು ಸಾಲು. "ಮುಚ್ಚಳ ತಟ್ಟಿದಾಗ ಪೊಳ್ಳು ಸದ್ದು ಕೇಳಿಸ್ತದಲ್ಲ ಅಮಾಕ್, ಹಂಗೆ ಎದೆಯೊಳಗೆ ಕೇಳಿಸ್ತು" ಎಂದು ಆಮೇಲೆ ನನಗೆ ಹೇಳಿದಳು. ಮಹ್ಕಮ್‌ಗೆ ಆಗಲೇ ಹೇಳಬೇಕೆಂದು ಬಾಯಿ ತೆರೆದಳು, ಹೇಳದೆ ಹಿಂದೆ ಸರಿದಳು. ಮುಖ ಬಿಳಿಚಿಕೊಂಡು ಬಿರಬಿರನೆ ಮನೆಗೆ ಹೋದಳು. ಅದನ್ನು ಸಂತೆಯವರೆಲ್ಲ ನೋಡಿದರು. ಮಹ್ಕಮ್‌ನ ತಕ್ಕಡಿ ಬಳಿ ಅವಳೇನೋ ಕಂಡಳು ಎಂದು ಅವರಿಗೆ ಅನಿಸಿತು.

ಮನೆಗೆ ಹೋದವಳು ಹತ್ತು ನಿಮಿಷದಲ್ಲಿ ತಿದ್ದಿದಳು. ಬೋಣಿಯನ್ನು ಬೇರೆ ಬರೆದಿಟ್ಟು, ಆಮೇಲಿನ ಹತ್ತು ವ್ಯಾಪಾರದ ನಡುವಿನ ಬೆಲೆಯನ್ನು ದಿನದ ಆರಂಭ ಎಂದು ಹಿಡಿಯುವಂತೆ ಮಾಡಿದಳು. ನೂರಕ್ಕೆ ಮೂರರ ಕಟ್ಟನ್ನೂ ಕಿತ್ತಳು. ಲೈಬ್ರರಿಯಲ್ಲಿ ಏನೇ ಬದಲಾಯಿಸಿದರೂ, ಅದನ್ನು ಬಳಸುವವರೆಲ್ಲ ಓದಲೆಂದು, ಏನು ಬದಲಾಯಿತು ಎಂದು ಒಂದು ಸಾಲು ಬರೆಯಬೇಕಂತೆ. ನಾನೂರು ಶೀಶೆ ವಾಪಸು ಕಳಿಸಿದ ಹೆಂಗಸು ಅಲ್ಲಿ ಎರಡೇ ಪದ ಬರೆದಳು: ಸಣ್ಣ ತಿದ್ದುಪಡಿ.

ಅದೇ ಸಂಜೆ, ಅವಳು ಏನು ತಿದ್ದಿದಳೆಂದು ಯಾರಿಗೂ ಗೊತ್ತಿಲ್ಲದೆ, ಗುಂಪಿನ ನಾಲ್ಕು ಜನ ಹೋಗಿ ಮಹ್ಕಮ್ ಕೈಯಿಂದ ಫೋನು ಕಿತ್ತುಕೊಂಡರು. ತಂದು ನನ್ನ ಕೈಗೆ ಕೊಟ್ಟರು. ಮುಂದಿನ ಸಂತೆಯಿಂದ ಬೆಲೆ ಏರತೊಡಗಿತು. ಹದಿನೆಂಟು, ಇಪ್ಪತ್ತು, ಮೂರನೆಯ ಸಂತೆಗೆ ಇಪ್ಪತ್ತೆರಡು. ಇನ್ನೇನು ಬೇಕು? ಕಳ್ಳನ ಕೈಯಿಂದ ಫೋನು ಬಿಡಿಸಿದ್ದೇ ತಡ, ಬೆಲೆ ಮೇಲೆದ್ದಿತು! ಕಳ್ಳನನ್ನು ಕಂಡುಹಿಡಿದವಳು ಸನವ್ಬರ್, ಕಾಪಾಡಿದವನು ಹೋತಮ್ ಅಮಾಕ್. ಮಹ್ಕಮ್ ತಕ್ಕಡಿ ಮಡಚಿ ಮನೆ ಸೇರಿದ. ಬೀದಿಯಲ್ಲಿ ಎದುರಾದರೆ ಜನ ಸಲಾಮು ಹೇಳದೆ ಮರದ ಕಡೆ ನೋಡಿಕೊಂಡು ಹೋಗುತ್ತಿದ್ದರು. ಸನವ್ಬರಳ ಮನೆಗೆ ಮಾತ್ರ ರೊಟ್ಟಿ, ಮೊಸರು, ಜೇನು ಬಂದು ಬೀಳುತ್ತಿದ್ದವು.

ಹಣ್ಣಿನ ಕಾಲ ಮುಗಿಯುವಾಗ ಶಾಲೆಯ ಅಂಗಳದಲ್ಲಿ ಗುಂಪಿನ ಸಭೆ, ಊಟ ಇರುತ್ತದೆ. ಅಲ್ಲಿ ಅವಳಿಗೆ ನಿಲುವಂಗಿ ಹೊದಿಸೋಣ ಎಂದವನು ನಾನೇ. ಸಭೆಗೆ ಎರಡು ದಿನ ಮುಂಚೆ ಅದನ್ನು ತಿಳಿಸಲು ಅವಳ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಏಪ್ರಿಕಾಟ್ ಬೀಜ ಒಡೆಯುತ್ತಿದ್ದಳು. ಮೂರು ವಾರದಲ್ಲಿ ಕೆನ್ನೆ ಇಳಿದುಹೋಗಿದ್ದವು.

"ಅಮಾಕ್, ಮಹ್ಕಮ್ ಕದ್ದಿಲ್ಲ" ಎಂದಳು. ಕಲ್ಲು ಕೆಳಗಿಟ್ಟು ಎಲ್ಲವನ್ನೂ ಹೇಳಿದಳು.

ದಿನದ ಬೆಲೆ ಎಲ್ಲಿಂದ ಎಂದು ಅವಳು ಕೇಳಿದ್ದು, ನಾನು ಗಡ್ಡ ನೀವಿದ್ದು, ಬರಿದೇ ಹೋದ ತಟ್ಟೆ, ಎಲ್ಲ ಸಾಲಾಗಿ ಬಂದು ನಿಂತವು. ಆಗ ನಾನು ಏನು ಹೇಳಬೇಕಿತ್ತು? ಹೇಳಿದ್ದು ಇದು:

"ಆಯ್ತಲ್ಲ, ಸರಿ ಮಾಡಿದೀಯ. ಬೆಲೆ ಏರಿದೆ. ಇನ್ನು ಕೆದಕಿ ಏನು ಬರ್ಬೇಕು?"

"ಮಹ್ಕಮ್?"

"ಜನ ಮರೀತಾರೆ. ಬರೋ ವಸಂತಕ್ಕೆ ನಾನೇ ಕರೆದು ಕೆಲಸ ಕೊಡಿಸ್ತೀನಿ."

"ಕಳ್ಳ ಅನ್ನೋದು ಮರೀತಾರಾ ಅಮಾಕ್? ಅವನ ಮಗಳಿಗೆ ಗಂಡು ನೋಡ್ತಿದ್ರು. ಬರೋರು ಬರೋದೇ ನಿಲ್ಲಿಸಿದಾರೆ."

"ನಿನ್ನ ಹೆಸರು ಹೋದ್ರೆ ತರೋಜೂನೂ ಹೋಗತ್ತೆ. ನಲವತ್ತು ಮನೆ ಮತ್ತೆ ದಲ್ಲಾಳಿಗಳ ಕೈಗೆ ಬೀಳತ್ತೆ. ಯೋಚನೆ ಮಾಡು."

ಅವಳು ಕಲ್ಲು ಎತ್ತಿ ಇನ್ನೊಂದು ಬೀಜ ಒಡೆದಳು. ಆಮೇಲೆ ಮೆಲ್ಲಗೆ, "ಬೋಣಿ ಗೊತ್ತಿಲ್ಲದೆ ಇದ್ದಿದ್ರೆ ನಾಚಿಕೆ ಇರ್ತಿರ್ಲಿಲ್ಲ ಅಮಾಕ್. ಗೊತ್ತಿತ್ತಲ್ಲ" ಎಂದಳು. ಬೇಡ ಎಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ನಲವತ್ತು ಮನೆಯ ಹಿತಕ್ಕಾಗಿ ಮಾತಾಡಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಮನೆಗೆ ಬಂದೆ. ಸುಳ್ಳು. ನನ್ನ ಗಡ್ಡದ ಹಿತಕ್ಕಾಗಿ ಮಾತಾಡಿದ್ದೆ.

ಸಭೆಯ ದಿನ ದೊಡ್ಡ ಕಡಾಯಿಯಲ್ಲಿ ಪುಲಾವು ಬೇಯುತ್ತಿತ್ತು. ನಲವತ್ತು ಮನೆಯವರೂ ಬಂದಿದ್ದರು, ಮಹ್ಕಮ್ ಮನೆಯವರನ್ನು ಬಿಟ್ಟು. ನಾನು ನಿಲುವಂಗಿಯನ್ನು ಎರಡು ಕೈಯಲ್ಲಿ ಹಿಡಿದು ಎದ್ದು ನಿಂತೆ. ಸತ್ಯ ಗೊತ್ತಿದ್ದೂ ನಿಂತೆ. ಊರಿನ ಹಣ್ಣಿಗೆ ಕನ್ನ ಹಾಕಿದವನನ್ನು ಹಿಡಿದ ಕಣ್ಣು ಈ ನಮ್ಮ ಮಗಳದು ಎಂದು ಶುರುಮಾಡಿದೆ. ಜನ ಚಪ್ಪಾಳೆ ಹೊಡೆದರು. ಇನ್ನೂ ನಾಲ್ಕು ಒಳ್ಳೆಯ ಮಾತು ಬಾಯಲ್ಲಿ ಸಿದ್ಧವಾಗಿದ್ದವು.

"ಅಮಾಕ್, ಆ ಅಂಗಿ ಕೆಳಗಿಡಿ" ಎಂದಳು ಸನವ್ಬರ್.

ಚಪ್ಪಾಳೆ ನಿಂತಿತು. ಅವಳು ಎದ್ದು ನಿಂತಿದ್ದಳು. ಎಲ್ಲರನ್ನೂ ಒಮ್ಮೆ ನೋಡಿ ಕೇಳಿದಳು: "ಇಲ್ಲಿ ಬೋಣಿಗೆ ಇಳಿಸಿ ಕೊಡದೇ ಇರೋರು ಯಾರಿದೀರಿ? ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. "ಬೋಣಿಗೆ ಇಳಿಸದೋನು ಮನುಷ್ಯನೇನಮ್ಮ?" ಎಂದು ಯಾರೋ ನಕ್ಕರು.

"ಆ ಇಳಿಸಿ ಕೊಟ್ಟ ಬೆಲೇನೇ ದಿನದ ಬೆಲೆ ಅಂತ ನಾನು ಬರೆದಿದ್ದೆ. ಪ್ರತಿ ಸಂತೆಗೂ ನಿಮ್ಮ ಬೋಣಿ ನಿಮ್ಮ ಹಣ್ಣಿನ ಬೆಲೇನ ಒಂದೊಂದು ಮೆಟ್ಟಿಲು ಇಳಿಸ್ತು. ಮಹ್ಕಮ್ ಕಂಡಿದ್ದನ್ನ ಕಂಡ ಹಾಗೆ ಒತ್ತಿದಾನೆ. ಒಂದು ಕಾಸು ಮುಟ್ಟಿಲ್ಲ. ಬೆಲೆ ಏರಿದ್ದು ಫೋನು ಕಿತ್ಕೊಂಡಿದ್ದಕ್ಕಲ್ಲ, ನಾನು ಕದ್ದುಮುಚ್ಚಿ ತಿದ್ದಿದ್ದಕ್ಕೆ. ಮೂರು ವಾರದಿಂದ ನಿಮ್ಮ ರೊಟ್ಟಿ, ಜೇನು ತಿಂದ್ಕೊಂಡು ಸುಮ್ಮನಿದ್ದೆ."

ಕಡಾಯಿಯ ಕೆಳಗಿನ ಸೌದೆ ಚಟಪಟ ಅನ್ನುವುದು ಕೇಳಿಸುತ್ತಿತ್ತು. ಮೊದಲು ಮಾತಾಡಿದವನು ಹನ್ನೆರಡು ಚೀಲ ಕಮ್ಮಿಗೆ ಕೊಟ್ಟ ಒಬ್ಬ ರೈತ. "ಹಂಗಾದ್ರೆ ನನ್ನ ಹನ್ನೆರಡು ಚೀಲ?"

"ಅಷ್ಟನ್ನ ತಿರುಗಿ ಕೊಡೋ ಶಕ್ತಿ ನನಗಿಲ್ಲ. ನನ್ನ ಆರು ಮರದ ಹಣ್ಣು, ಬರೋ ವರ್ಷದ ನನ್ನ ಸಂಬಳ ಗುಂಪಿಗೆ ಇರ್ಲಿ. ಗುಮಾಸ್ತೆ ಬೇಡ ಅಂದ್ರೆ ಇವತ್ತೇ ಎದ್ದು ಹೋಗ್ತೀನಿ."

ಫೈಜಲಿ ತಲೆ ತಗ್ಗಿಸಿ ಟೋಪಿಯ ದಾರ ಎಳೆಯುತ್ತ ಕೂತಿದ್ದ, ಅವನ ಬಾಯಿಂದ ಒಂದು ತಮಾಷೆಯೂ ಬರಲಿಲ್ಲ. ನಾನು ಕಾಯುತ್ತಿದ್ದೆ, ಈಗ ನನ್ನ ಹೆಸರು ಬರುತ್ತದೆ, ಈಗ ಬರುತ್ತದೆ ಎಂದು. ಮೊದಲು ತೂಗಿದ್ದೇ ಬೆಲೆ ಎಂದು ಅಮಾಕ್ ಹೇಳಿದರು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಪೂರ್ತಿ ತಪ್ಪನ್ನು ತನ್ನ ತಲೆಗೇ ಕಟ್ಟಿಕೊಂಡು ಕೂತಳು. ನನಗೂ ಬಾಯಿ ಇತ್ತು. ಊಟ ಬಡಿಸಿದಾಗ ಬಾಯಿ ತುಂಬ ಪುಲಾವು ತುಂಬಿಕೊಂಡೆ.

ಸಭೆ ಮುಗಿದ ಕೂಡಲೇ ಅವಳು ಮಹ್ಕಮ್ ಮನೆಯ ಕಡೆ ಹೊರಟಳು. ನಾನೂ ಹಿಂದೆ ಹೊರಟೆ. ಯಾಕೆ ಹೊರಟೆನೋ ಗೊತ್ತಿಲ್ಲ, ಕಾಲು ತಾನೇ ಹೋಯಿತು. ಮಹ್ಕಮ್ ಬಾಗಿಲು ಅರ್ಧ ತೆರೆದು ಅಲ್ಲೇ ನಿಂತ.

"ಒಳಗೆ ಬನ್ನಿ ಅನ್ನಲ್ಲ ಅಪಾ. ಅಲ್ಲೇ ನಿಂತ್ಕೊಂಡು ಹೇಳಿ" ಎಂದ. ಅಪಾ ಎಂದರೆ ಅಕ್ಕ. ಸಿಟ್ಟಿನಲ್ಲೂ ಆ ಮಾತು ಬಿಡಲಿಲ್ಲ.

ಅವಳು ನಿಂತುಕೊಂಡೇ ಹೇಳಿದಳು. ಕೊನೆಗೆ ನಮ್ಮಲ್ಲಿ ಕ್ಷಮೆ ಕೇಳುವ ರೀತಿಯಲ್ಲೇ ಎದೆಗೆ ಕೈ ಇಟ್ಟು, ನನ್ನ ಮೇಲೆ ರಾಜಿಯಾಗು ತಮ್ಮಾ ಎಂದಳು. ಅವನು ಆಗಿದ್ದೇನೆ ಎನ್ನಲಿಲ್ಲ.

"ನನ್ನ ತಕ್ಕಡಿ ಮೇಲೆ ಜೇಡ ಬಲೆ ಕಟ್ಟಿದೆ ಅಪಾ. ಬೇಕಿದ್ರೆ ತೋರಿಸ್ತೀನಿ" ಎಂದ. ಆಮೇಲೆ, "ಅಲ್ಲ, ಸಂತೇಲಿ ಹುಟ್ಟಿದ ನಾಯಿಗೂ ಗೊತ್ತು, ಬೋಣಿ ಬೆಲೆ ಅಲ್ಲ ಅಂತ. ಅದನ್ನೇ ದಿನದ ಬೆಲೆ ಅಂತ ನಿಮಗೆ ಹೇಳ್ದೋರಾದ್ರೂ ಯಾರು?" ಎಂದು ಕೇಳಿದ.

ಅವಳು ನೆಲ ನೋಡಿದಳು.

"ನಾನು" ಎಂದೆ.

ಮಹ್ಕಮ್ ನನ್ನ ಕಡೆ ತಿರುಗಿದ. ಮೊದಲ ಸಲ ನೋಡುವವನ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದ.

"ಮೂವತ್ತು ವರ್ಷ ಹಲಗೆ ಮೇಲೆ ಬರೆದ್ರಲ್ಲ ಅಮಾಕ್. ಒಂದಿನಾನಾದ್ರೂ ಬೋಣಿ ಬರೆದಿದ್ರಾ?"

"ಇಲ್ಲ."

"ಮತ್ತೆ?"

"ಚಹಾದಂಗಡೀಲಿ ಮೊದಲು ಅಂದೋನೂ ನಾನೇ" ಎಂದೆ. "ಅದು ಅವತ್ತೇ ಗೊತ್ತಾಯ್ತು. ತಟ್ಟೆ ಹೇಳ್ತು" ಎಂದ ಅವನು. ಬಾಗಿಲು ಹಾಕಿಕೊಂಡ. ಭೂಮಿ ಬಾಯಿ ಬಿಟ್ಟರೆ ಸಾಕೆನಿಸುವುದು ಹೇಗಿರುತ್ತದೆಂದು ಎಪ್ಪತ್ತರ ವಯಸ್ಸಿನಲ್ಲಿ ತಿಳಿದೆ. ಮಾರನೆಯ ದಿನ ನನ್ನ ಹೆಂಡತಿ ತಟ್ಟೆ ತುಂಬ ಪುಲಾವು, ಮೇಲೆ ಒಣದ್ರಾಕ್ಷಿ ಹಾಕಿ ಕಳಿಸಿದಳು. ತಟ್ಟೆ ತಿರುಗಿ ಬಂದಾಗ ಅದರಲ್ಲಿ ಎರಡು ಒಣ ಏಪ್ರಿಕಾಟ್ ಇದ್ದವು, ಹುಳ ಕೊರೆದ ಕಡೆಯ ದರ್ಜೆಯವು. ಬರಿದು ಮಾತ್ರ ಬರಲಿಲ್ಲ.

ಸನವ್ಬರ್ ತರೋಜುವಿನ ಆ ಸಣ್ಣ ತಿದ್ದುಪಡಿ ಎಂಬ ಎರಡು ಪದಗಳ ಕೆಳಗೆ ಹೊಸದಾಗಿ ಬರೆದಳು. ನನಗೆ ಓದಿ ಹೇಳಿದಳು: ಬೋಣಿ ಬೆಲೆಯಲ್ಲ. ಅದನ್ನು ಬೆಲೆ ಎಂದು ಬರೆದ ತಪ್ಪು ನನ್ನದು. ಇದನ್ನು ಬಳಸಿದವರಿಗೆಲ್ಲ ಇದರಿಂದ ನಷ್ಟವಾಗಿದೆ. ತೂಕದವನು ಮಹ್ಕಮ್ ಸರಿಯಾಗಿಯೇ ಬರೆದಿದ್ದ. ಕೆಳಗೆ ತನ್ನ ಹೆಸರು, ಅಪ್ಪನ ಹೆಸರು, ಊರು. ನನ್ನ ಹೆಸರನ್ನೂ ಹಾಕು ಎಂದೆ. "ಬರೆದೋಳು ನಾನು ಅಮಾಕ್. ಕೇಳಿದ್ದನ್ನ ತಟ್ಟಿ ನೋಡಬೇಕಾಗಿದ್ದು ನನ್ನ ಕೆಲಸ" ಎಂದು ಹಾಕಲಿಲ್ಲ.

ಕೋನಿಬೋದೋಮ್‌ನವರಿಂದ ಉತ್ತರ ಬಂತು. ಅವರೂ ತಮ್ಮ ತೂಕದವನನ್ನು ಕಳ್ಳ ಎಂದು ಓಡಿಸಿದ್ದರು. ಅವನು ಮನೆ ಖಾಲಿಮಾಡಿ ಖುಜಂದ್ ಕಡೆ ಹೋಗಿದ್ದ. ಸನವ್ಬರ್ ಅವನ ಹೆಸರು ಕೇಳಿ ಬರೆದುಕೊಂಡು, ಫೈಜಲಿಯ ವ್ಯಾನಿನಲ್ಲಿ ನಾಲ್ಕು ಸಲ ಹೋಗಿ ಹುಡುಕಿದಳು. ಸಿಗಲಿಲ್ಲ. ಈಗಲೂ ಖುಜಂದ್‌ಗೆ ಹೋದಾಗ ಸಂತೆಯ ತಕ್ಕಡಿಗಳ ಮುಂದೆಲ್ಲ ಒಂದು ಸುತ್ತು ಹಾಕಿ ಮುಖ ನೋಡಿ ಬರುತ್ತಾಳೆ.

ಗುಂಪಿನವರು ಅವಳನ್ನು ತೆಗೆಯಲಿಲ್ಲ. ಆದರೆ ಬರುವ ವರ್ಷದ ಸಂಬಳವನ್ನು ಮಾತ್ರ ಬೇಡ ಅನ್ನದೆ ತೆಗೆದುಕೊಂಡರು. ಫೋನನ್ನು ನಾನೇ ಮಹ್ಕಮ್ ಮನೆಗೆ ಒಯ್ದು ಹೊಸಿಲ ಮೇಲಿಟ್ಟು ಬಂದೆ. ನಿಲುವಂಗಿಯನ್ನೂ ಒಯ್ದಿದ್ದೆ. "ಇದು ನನ್ನ ಅಳತೆ ಅಲ್ಲ" ಎಂದು ಹಿಂದಕ್ಕೆ ಕೊಟ್ಟ.

ಎರಡು ವಾರದ ಮೇಲೆ, ಒಂದು ಗುರುವಾರ, ಮಹ್ಕಮ್ ಮತ್ತೆ ಸಂತೆಯಲ್ಲಿ ತಕ್ಕಡಿ ಹೂಡಿದ. ಪಕ್ಕದಲ್ಲಿ ತನ್ನ ತೋಟದ್ದೇ ಒಂದು ಚೀಲ ಹಣ್ಣು ಬಿಚ್ಚಿಟ್ಟಿದ್ದ. ಯಾರು ಮೊದಲು ಹೋಗುವುದೆಂದು ಎಲ್ಲರೂ ದೂರದಲ್ಲೇ ಚೀಲ ಸರಿಮಾಡಿಕೊಳ್ಳುತ್ತ ನಿಂತಿದ್ದೆವು. ಸನವ್ಬರ್ ಬಂದು ನೇರವಾಗಿ ಅವನ ಮುಂದೆ ನಿಂತಳು.

"ಒಂದು ಕಿಲೋ."

"ಇಪ್ಪತ್ತಾರು" ಎಂದ ಮಹ್ಕಮ್. ಆಮೇಲೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, "ನಿಮಗೆ ಬೋಣಿ ಇಲ್ಲ ಅಪಾ. ಪೂರಾ ಬೆಲೆ" ಎಂದ.

ಅಂಥ ಮಾತನ್ನು ನಮ್ಮ ಸಂತೆಯಲ್ಲಿ ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಹಲೀಮಾ ಖೋಲಾ, "ಛೀ, ಬಿಡ್ತು ಅನ್ನೋ" ಎಂದು ಕೂಗಿದಳು. ಸನವ್ಬರಳ ಮುಖ ಕೆಂಪಗಾಯಿತು. ಇಪ್ಪತ್ತಾರು ಎಣಿಸಿ ಕೊಟ್ಟಳು. ಮಹ್ಕಮ್ ದುಡ್ಡನ್ನು ಹಣೆಗೆ ಒತ್ತಿಕೊಂಡ, ಚೀಲದ ಮೇಲೆ ಒಂದು ಸುತ್ತು ಸವರಿದ, ಫೋನಿಗೆ ಒತ್ತಿದ. ನಾನು ಹತ್ತಿರ ಹೋಗಿ ಅವನ ಹೆಗಲ ಮೇಲಿಂದ ಇಣುಕಿದೆ. ತರೋಜು ಅವಳು ತಿದ್ದಿದ ಹಾಗೆಯೇ ನಡೆಯಿತು. ಅವತ್ತಿನ ಸಂತೆಯಲ್ಲಿ ಬೋಣಿಗೆ ಪೂರಾ ಬೆಲೆ ಕೊಟ್ಟ ಒಬ್ಬಳೇ ಒಬ್ಬಳ ವ್ಯಾಪಾರವನ್ನು ಬೋಣಿ ಎಂದು ಪಕ್ಕಕ್ಕೆ ಬರೆದಿಟ್ಟು, ಲೆಕ್ಕಕ್ಕೆ ಹಿಡಿಯಲಿಲ್ಲ.

ಅವಳು ಪೊಟ್ಟಣ ಎತ್ತಿಕೊಂಡಳು. ಅಭ್ಯಾಸಬಲದಿಂದ ತಕ್ಕಡಿಯ ತಟ್ಟೆಯನ್ನು ಬೆರಳಲ್ಲಿ ಒಮ್ಮೆ ತಟ್ಟಿದಳು.

"ಕೈ ತೆಗೀರಿ ಅಪಾ, ತೂಕ ಹೋಗತ್ತೆ" ಎಂದ ಮಹ್ಕಮ್. "ಮುಂದಿನೋರು ಯಾರು?"

ನಾನು ಚೀಲ ಹೊತ್ತು ಮುಂದೆ ಹೋದೆ.